ಒಂಟೆಯ ಕಜ್ಜಿಗೆ ಹೊಗೆಸೊಪ್ಪಿನ ನೀರು

ನಮ್ಮ ಮನೆಯಲ್ಲಿ ಈಗಲೂ ಯಾರಾದರೂ ಬೆನ್ನು ಕೆರೆದುಕೊಂಡರೆ ಸಾಕು, ಪಕ್ಕದಲ್ಲಿದ್ದವರು “ಯಾಕೆ, ಒಂಟೆ ಬಂದಿತ್ತಾ?” ಎಂದು ಕೇಳಿಯೇ ಕೇಳುತ್ತಾರೆ. ಹೊಸ ನೆಂಟರಿಗೆ ತಲೆಬುಡ ಅರ್ಥವಾಗುವುದಿಲ್ಲ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಗೆ ಒಂಟೆ ಯಾಕೆ ಬರುತ್ತದೆ ಹೇಳಿ? ಆದರೆ ಬಂದಿತ್ತು. ಬಂದು ನಮ್ಮ ಹೊಲದಲ್ಲಿ ಬಿಡಾರ ಹೂಡಿ, ಮನೆಮಂದಿಯೆಲ್ಲ ತುರಿಸಿಕೊಳ್ಳುವ ಹಾಗೆ ಮಾಡಿ, ನನ್ನ ಮಾವನವರು ಜನ್ಮದಲ್ಲಿ ಆಡದ ಒಂದು ಮಾತನ್ನು ಅವರ ಬಾಯಿಂದ ಆಡಿಸಿ ಹೋಯಿತು.

ನಾನು ಕೆ.ಆರ್. ನಗರದ ಕಡೆಯವಳು. ನಾಲೆಯ ನೀರು, ಭತ್ತದ ಗದ್ದೆ, ಮನೆಯ ಹಿಂದೆಯೇ ಕಾಲುವೆ. ಮದುವೆಯಾಗಿ ಬಂದದ್ದು ಮಳೆ ನಂಬಿದ ಕೆಂಪು ಹೊಲಗಳ ಊರಿಗೆ. ಇಲ್ಲಿ ಎಲ್ಲರ ಮನೆ ಮಗ್ಗುಲಲ್ಲೂ ಹೊಗೆಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ನು. ಮೊದಲ ವರ್ಷ ಹಸಿ ಸೊಪ್ಪಿನ ವಾಸನೆಗೇ ನನಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಕೇರಿಯ ಹೆಂಗಸರೆಲ್ಲ ವಿಶೇಷವೇನೋ ಎಂದು ಮುಸಿಮುಸಿ ನಕ್ಕರು. ವಿಶೇಷವೂ ಇಲ್ಲ, ಮಣ್ಣೂ ಇಲ್ಲ, ಬರೀ ಹೊಗೆಸೊಪ್ಪು.

ಅದಕ್ಕೆ ಹೇಗೋ ಒಗ್ಗಿಕೊಂಡೆ. ಒಗ್ಗದೆ ಉಳಿದದ್ದು ಮಾವನವರ ಪದ್ಧತಿ. ಮನುಷ್ಯ ಕೆಟ್ಟವರಲ್ಲ, ಆದರೆ ಸೊಸೆಯ ಮುಖ ನೋಡಿ ಮಾತಾಡುವುದು ಮರ್ಯಾದೆಯಲ್ಲ ಎಂದು ಯಾರೋ ಅವರ ತಲೆಗೆ ತುಂಬಿಬಿಟ್ಟಿದ್ದರು. ನೀರು ಬೇಕಾದರೆ ಪಡಸಾಲೆಯ ಕಂಬದ ಕಡೆ ನೋಡಿ, “ಒಂದ್ ಲೋಟ ನೀರ್ ಸಿಕ್ಕಿದ್ರೆ ಕುಡೀಬೋದಿತ್ತು” ಎನ್ನುವರು. ನಾನು ನೀರು ತಂದು ಕಂಬದ ಬುಡದಲ್ಲಿ ಇಟ್ಟು ಹೋಗುತ್ತಿದ್ದೆ. ನಾನು ಅವರಿಗೆ ಏನಾದರೂ ಹೇಳಬೇಕಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಅತ್ತೆಗೆ ಕೈತುಂಬ ಕೆಲಸ, ಹೇಳಿದ್ದರಲ್ಲಿ ಅರ್ಧ ಮುಟ್ಟಿದರೆ ಅದೇ ಪುಣ್ಯ. ನನಗೋ ಮೂಗಿನ ತುದಿಯಲ್ಲೇ ಕೋಪ. ಎಷ್ಟೋ ಸಲ ಕಂಬವನ್ನೇ ಕಿತ್ತು ಹೊರಗೆ ಎಸೆಯಬೇಕು ಅನ್ನಿಸುತ್ತಿತ್ತು.

ಮಾವನವರದ್ದು ಇನ್ನೊಂದು ಗುಣ. ‘ತಪ್ಪಾಯ್ತು’ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ತಪ್ಪು ಮಾಡಿದ ಮಾರನೆಯ ದಿನ ಪೇಟೆಯಿಂದ ಕಡ್ಲೆಪುರಿ ತಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟು, ಏನೂ ಆಗದವರ ಹಾಗೆ ಹೊರಗೆ ಹೋಗಿಬಿಡುವರು. ಅತ್ತೆ ಸಾಕಿದ ಹಾಲು ಕರೆಯುವ ಎಮ್ಮೆಯನ್ನು ಅತ್ತೆಯನ್ನು ಒಂದು ಮಾತೂ ಕೇಳದೆ ಮಾರಿದಾಗಲೂ ಬಂದದ್ದು ಕಡ್ಲೆಪುರಿಯೇ, ಸ್ವಲ್ಪ ದೊಡ್ಡ ಪೊಟ್ಟಣ.

ಒಂಟೆ ಬಂದದ್ದು ತೊಂಬತ್ತರ ದಶಕ ಮುಗಿಯುತ್ತಾ ಬಂದಾಗಿನ ಒಂದು ಬೇಸಿಗೆಯಲ್ಲಿ. ರಾಗಿ ಒಕ್ಕಣೆ ಮುಗಿದು ಹೊಲಗಳು ಬಯಲಾಗಿದ್ದವು. ಹೊಗೆಸೊಪ್ಪಿನ ಸಸಿ ಮಡಿಗೆ ನೀರು ಹಾಕುವ ಕೆಲಸ ಆಗಷ್ಟೇ ಶುರುವಾಗಿತ್ತು. ಉತ್ತರದ ಕಡೆಯಿಂದ ಮೈಸೂರಿಗೆ ಒಂಟೆ ತಂದು ಮಕ್ಕಳನ್ನು ಸವಾರಿ ಮಾಡಿಸುವ ಒಂದು ಗುಂಪು ಆಗೆಲ್ಲ ಬರುತ್ತಿತ್ತು. ಅವರಲ್ಲಿ ಒಬ್ಬರು ತಮ್ಮ ಒಂಟೆ ಹಿಡಿದುಕೊಂಡು ಕೋಟೆ, ಸರಗೂರು, ಅಂತರಸಂತೆ ಎಂದು ಸಂತೆಯಿಂದ ಸಂತೆಗೆ ಸುತ್ತಿ, ನಮ್ಮ ಕಡೆ ನಡೆದು ಬಂದಿದ್ದರು. ನಡುವಯಸ್ಸು, ಬತ್ತಿದ ಮೈ, ಹೆಗಲ ಮೇಲೆ ಬಣ್ಣ ಹೋದ ಟವೆಲು. ಊರವರು ಮೊದಲ ದಿನವೇ ಅವರಿಗೆ ‘ಒಂಟೆ ಸಾಬರು’ ಎಂದು ಹೆಸರಿಟ್ಟರು. ಅವರ ಹೆಣ್ಣೊಂಟೆ ನಮ್ಮ ಹೊಲದ ಬದುವಿನ ಹತ್ತಿರ ಮಂಡಿಯೂರಿ ಕೂತದ್ದು ಅಂದು ಮತ್ತೆ ಏಳಲೇ ಇಲ್ಲ. ಸಾಬರು ಪುಸಲಾಯಿಸಿದರು, ಗದರಿದರು, ಕೊನೆಗೆ ತಾವೂ ಅದರ ಪಕ್ಕ ಕೂತುಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಪಾಪ ಎಂದು ನೀರು ಕೊಟ್ಟು ಸುಮ್ಮನಾಗುತ್ತಿದ್ದರು. ಮಾವನವರ ತಲೆ ಓಡಿದ್ದೇ ಬೇರೆ ದಾರಿಯಲ್ಲಿ. ನಮ್ಮ ಕಡೆ ಬೇಸಿಗೆಯಲ್ಲಿ ಖಾಲಿ ಹೊಲದಲ್ಲಿ ಕುರಿ ಮಂದೆ ಕಟ್ಟಿಸುವುದುಂಟು. ಕುರಿಯವರು ರಾತ್ರಿಯೆಲ್ಲ ಕುರಿಗಳನ್ನು ಹೊಲದಲ್ಲಿ ಕೂಡುತ್ತಾರೆ, ಹಿಕ್ಕೆ ಗಂಜಳ ಬಿದ್ದು ಹೊಲಕ್ಕೆ ಗೊಬ್ಬರವಾಗುತ್ತದೆ. ಮಾವನವರು ಒಂಟೆಯನ್ನು ಮೇಲಿಂದ ಕೆಳಗೆ ನೋಡಿ ನಮ್ಮ ಯಜಮಾನರನ್ನು ಕರೆದರು.

“ನೋಡ್ಲಾ, ಎಷ್ಟ್ ದೊಡ್ದದೆ! ಕುರಿ ಮಂದೆ ಕಟ್ಟುಸ್ತೀವಲ್ಲ, ಇದ್ನೂ ಅಂಗೇ ಕಟ್ಟುಸ್‌ಬುಡವ. ಒಂದ್ ಮಂದೆ ಕುರಿ ಆಕೋ ಗೊಬ್ರನ ಇದೊಂದೇ ಆಕ್ತದೆ ಕಣ್ಲಾ.”

ಇವರು ನಕ್ಕರು. ಮಾವನವರು ನಗಲಿಲ್ಲ. ಸಾಬರಿಗೆ ವಿಷಯ ಹೇಳಬೇಕಲ್ಲ, ಆದರೆ ಅವರಿಗೆ ಕನ್ನಡ ಬಾರದು, ನಮ್ಮವರಿಗೆ ಹಿಂದಿ ಬಾರದು. ಊರಿಗೆಲ್ಲ ಹಿಂದಿ ಗೊತ್ತಿದ್ದವಳು ನಾನೊಬ್ಬಳೇ. ಪಿಯುಸಿವರೆಗೆ ಓದಿದ್ದೆ, ಅಪ್ಪನ ಹಟಕ್ಕೆ ಹಿಂದಿ ಪರೀಕ್ಷೆಗಳನ್ನೂ ಕಟ್ಟಿದ್ದೆ. ಅತ್ತೆ ಬಂದು ಕರೆದಾಗ ಸೆರಗು ಸರಿಮಾಡಿಕೊಂಡು ಹೊಲಕ್ಕೆ ಹೋದೆ. ಅಲ್ಲಿ ಕಂಬ ಇರಲಿಲ್ಲವಲ್ಲ, ಮಾವನವರು ಒಂದು ಗಳಿಗೆ ಒದ್ದಾಡಿದರು. ಆಮೇಲೆ ಒಂಟೆಯ ಮುಖ ನೋಡಿಕೊಂಡು ಮಾತು ಶುರುಮಾಡಿದರು.

“ಅವ್ರು ಇಲ್ಲೇ ಇರ್ಬೋದು ಅಂತ ಯೋಳ್ಬೇಕು. ಮೇವು ನಾವ್ ಕೊಡ್ತೀವಿ, ಊಟನೂ ಕೊಡ್ತೀವಿ. ಗೊಬ್ರ ಮಾತ್ರ ನಮ್ಗೆ.”

ಒಂಟೆ ಅವರನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು. ನಾನು ಹಿಂದಿಯಲ್ಲಿ ಹೇಳಿದೆ. ಸಾಬರು ಮೊದಲು ನನ್ನನ್ನು, ಆಮೇಲೆ ಮಾವನವರನ್ನು, ಆಮೇಲೆ ಒಂಟೆಯ ಬಾಲದ ಕಡೆ ನೋಡಿ, ಎದೆ ಮುಟ್ಟಿಕೊಂಡು ತಲೆಬಾಗಿದರು. ಹೀಗೆ ಒಪ್ಪಂದವಾಯಿತು. ಮಾರನೆಯ ಬೆಳಿಗ್ಗೆ ಮಾವನವರು ಹೊಲಕ್ಕೆ ಹೋಗಿ ಬಂದು ಕಂಬಕ್ಕೆ ಒರಗಿ ನಿಟ್ಟುಸಿರು ಬಿಟ್ಟರು. “ಅಷ್ಟ್ ಎತ್ರ ಅದೆ, ಆಡಿನಂಗೆ ಸಣ್ಸಣ್ಣ ಇಕ್ಕೆ ಆಕ್ತದಲ್ಲಪ್ಪಾ!” ಅತ್ತೆ ನಕ್ಕು ನಕ್ಕು ಒಲೆಯ ಮುಂದೆ ಕೂತುಬಿಟ್ಟರು.

ನಗು ನಿಂತದ್ದು ಅತ್ತೆ ಒಂಟೆಯನ್ನು ಹತ್ತಿರದಿಂದ ನೋಡಿದ ಮೇಲೆ. ತೊಡೆಯ ಸಂದು, ಹೊಟ್ಟೆ, ಕತ್ತಿನ ಕೆಳಗೆಲ್ಲ ಕೂದಲು ಉದುರಿ, ಚರ್ಮ ಬೂದಿ ಬಣ್ಣಕ್ಕೆ ತಿರುಗಿ, ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಬೆನ್ನಿನ ಡುಬ್ಬ ಸೊರಗಿ ಒಂದು ಪಕ್ಕಕ್ಕೆ ವಾಲಿತ್ತು. ಎದ್ದು ನಿಂತಾಗಲೆಲ್ಲ ಬದುವಿನ ತೆಂಗಿನ ಮರಕ್ಕೆ ಮೈ ಉಜ್ಜಿ ಉಜ್ಜಿ, ಮರದ ತೊಗಟೆಯೇ ನುಣ್ಣಗಾಗಿಹೋಗಿತ್ತು.

“ಅಯ್ಯೋ ಶಿವ್ನೆ! ಕಜ್ಜಿ ಇಡ್ಕಂಡದೆ ಕಣವ್ವ ಇದ್ಕೆ,” ಎಂದರು ಅತ್ತೆ. ಮಾವನವರಿಗೂ ಹೋಗಿ ಹೇಳಿದರು. “ಅದ್ರ ತಾವ ಜಾಸ್ತಿ ಓಗ್ಬೇಡಿ. ಮುಂದ್ಲ ತಿಂಗ್ಳು ನಮ್ಮಣ್ಣನ್ ಮಗ್ಳು ಮದ್ವೆ ಅದೆ, ಮೈಗೆಲ್ಲ ಅಂಟುಸ್ಕಂಡೀರಿ.”

“ಒಂಟೆ ಕಜ್ಜಿ ಒಂಟೆಗೆ. ಮನುಸ್ರಿಗೆ ಯಾಕ್ ಬಂದದು? ಸುಮ್ಕಿರಮ್ಮಿ,” ಎಂದರು ಮಾವನವರು. ಅಂದು ಸಂಜೆ ಗಾಳಿ ತಣ್ಣಗೆ ಬೀಸಿತು ಎಂದು ತಮ್ಮ ಕಂಬಳಿಯನ್ನೇ ಒಯ್ದು ಒಂಟೆಗೆ ಹೊದಿಸಿದರು. ಬೆಳಿಗ್ಗೆ ಅದನ್ನೇ ತಂದು ತಾವು ಹೊದ್ದರು. ಅದೇ ಕಂಬಳಿಯ ಮೇಲೆ ಮಧ್ಯಾಹ್ನ ಅತ್ತೆ ಒರಗಿಕೊಂಡರು. ಹೀಗಿತ್ತು ನಮ್ಮ ಮನೆಯ ಎಚ್ಚರಿಕೆ.

ಸಾಬರನ್ನು ನಾನು ಕೇಳಿದೆ. ಅವರು ಇದೇನು ದೊಡ್ಡ ವಿಷಯ ಎನ್ನುವ ಹಾಗೆ ಕೈ ಆಡಿಸಿದರು. ಖುಜ್ಲಿ ಇಲ್ಲದ ಒಂಟೆಯನ್ನು ತಾವು ಕಂಡದ್ದೇ ಕಡಿಮೆ, ನಮಗೆ ನೆಗಡಿ ಬರುವ ಹಾಗೆ ಅವಕ್ಕೆ ಖುಜ್ಲಿ, ಚಳಿಗಾಲದಲ್ಲಿ ಗುಂಪಿನಲ್ಲಿ ಒಂದಕ್ಕೆ ಬಂದರೆ ಎಲ್ಲಕ್ಕೂ ಬರುತ್ತದೆ ಎಂದರು. ಆದರೆ ಈ ಸಲ ಬಂದದ್ದು ಹೋಗಲಿಲ್ಲವಂತೆ. ಮೇವೂ ಸೇರುತ್ತಿಲ್ಲವಂತೆ. ಮಾತಾಡುತ್ತಾ ಮಾತಾಡುತ್ತಾ ಅವರ ದನಿ ಇಳಿಯಿತು. ಮೈಸೂರಿನಲ್ಲಿ ಉಳಿದ ಗುಂಪಿನವರು ತಿಂಗಳೊಪ್ಪತ್ತಿನಲ್ಲಿ ಲಾರಿಗೆ ಒಂಟೆಗಳನ್ನು ಹತ್ತಿಸಿಕೊಂಡು ಊರಿಗೆ ಹೊರಡುತ್ತಾರೆ, ನಾಲ್ಕು ಹೆಜ್ಜೆ ನಡೆಯಲಾಗದ ಒಂಟೆಯನ್ನು ಯಾರೂ ಹತ್ತಿಸಿಕೊಳ್ಳುವುದಿಲ್ಲ. ಮರಿಯಾಗಿದ್ದಾಗಿನಿಂದ ಸಾಕಿದ್ದಾರೆ. “ಇವಳನ್ನು ಇಲ್ಲಿ ಬಿಟ್ಟು ನಾನು ಯಾವ ಮುಖ ಇಟ್ಟುಕೊಂಡು ಮನೆಗೆ ಹೋಗಲಿ ಬೇಟೀ?” ಎಂದರು. ಇವಳು ಎಂದರು, ಇದು ಎನ್ನಲಿಲ್ಲ. ಆಮೇಲೆ ಸಾಬರ ಎದುರಿಗೆ ನಾನೂ ಅದನ್ನು ಅವಳು ಎಂದೇ ಕರೆದೆ.

ದನದ ಡಾಕ್ಟರನ್ನು ಕರೆಸಬೇಕು ಎಂದು ನಾನು ಅತ್ತೆಯ ಮೂಲಕ ಹೇಳಿಸಿದೆ. ಇದೊಂದು ಮಾತು ಪೂರ್ತಿ ತಲುಪಿತು. ಮೋಟಾರು ಬೈಕಿನಲ್ಲಿ ಬಂದ ಡಾಕ್ಟರು ಒಂಟೆಯನ್ನು ಕಂಡು ಬೈಕು ನಿಲ್ಲಿಸುವುದನ್ನೇ ಮರೆತು ಮುಂದೆ ಹೋಗಿ ವಾಪಸು ಬಂದರು.

“ಓದುವಾಗ ಒಂಟೆದು ಒಂದೇ ಒಂದು ಪಾಠ ಇತ್ತು ಕಣಮ್ಮ,” ಎಂದರು ನನಗೆ. “ನಮ್ ಕಡೆ ಇದೆಲ್ಲಿ ಬರುತ್ತೆ ಅಂತ ಮೇಲೆ ಮೇಲೆ ಓದಿದ್ದೆ. ಇವತ್ತು ಬಂದು ಎದುರಿಗೆ ಕೂತಿದೆ ನೋಡಿ.”

ಆದರೂ ಪಾಪ, ಶ್ರದ್ಧೆಯಿಂದ ನೋಡಿದರು. ಚರ್ಮವನ್ನು ಮೆಲ್ಲಗೆ ಕೆರೆದು ಪುಡಿ ತೆಗೆದುಕೊಂಡರು, ಹಿಕ್ಕೆ ಕಟ್ಟಿಸಿಕೊಂಡರು, ಕಿವಿಯಿಂದ ಒಂದು ತೊಟ್ಟು ರಕ್ತ ಗಾಜಿನ ಮೇಲೆ ತೆಗೆದುಕೊಂಡರು. ಒಂಟೆ ಅವರ ಅಂಗಿಯ ತೋಳಿಗೆ ಹಸಿರು ಜೊಲ್ಲು ಸುರಿಸಿತು. ಕೆಲವು ದಿನ ಬಿಟ್ಟು ಬಂದಾಗ ಅವರ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗನ ಕಳೆ ಇತ್ತು. ಚರ್ಮದೊಳಗೆ ಬಿಲ ಕೊರೆದು ಕೂರುವ, ಕಣ್ಣಿಗೆ ಕಾಣದ ಹುಳುಗಳಿಂದ ಈ ಕಜ್ಜಿ ಬರುತ್ತದಂತೆ, ಒಂಟೆಗಳಲ್ಲಿ ಇಷ್ಟು ಸಾಮಾನ್ಯವಾದ ರೋಗ ಇನ್ನೊಂದಿಲ್ಲವಂತೆ. ಹೊಟ್ಟೆಯಲ್ಲೂ ಜಂತುಹುಳು ತುಂಬಿದ್ದವು. ಅದೂ ಸಾಮಾನ್ಯವೇ, ಕಂಡ ಕಂಡ ಊರಿನ ನೀರು ಕುಡಿದು, ಕಂಡ ಕಂಡ ಬೇಲಿ ಮೇಯುವ ಪ್ರಾಣಿಗೆ ಹುಳು ಇಲ್ಲದಿದ್ದರೇ ಆಶ್ಚರ್ಯ ಎಂದರು. ಅವರು ನಿಜವಾಗಿ ಹೆದರಿದ್ದು ರಕ್ತದಲ್ಲಿ ಸೇರುವ ಇನ್ನೊಂದು ಜೀವಿಗೆ. ದನ ಕಚ್ಚುವ ದೊಡ್ಡ ನೊಣಗಳಿಂದ ಅದು ಬರುತ್ತದೆ, ಬಂದರೆ ಒಂಟೆ ಕ್ಷೀಣಿಸಿ ಕ್ಷೀಣಿಸಿ ಸಾಯುತ್ತದೆ. ಕಾಕನಕೋಟೆಯ ಕಾಡಿನಂಚಿನಲ್ಲಿ ನೊಣ ಮುತ್ತಿಕೊಂಡು ಕಚ್ಚಿದ್ದವು ಎಂದು ಸಾಬರು ಮೊದಲೇ ಹೇಳಿದ್ದರು. ಪುಣ್ಯಕ್ಕೆ ರಕ್ತದಲ್ಲಿ ಏನೂ ಸಿಕ್ಕಿರಲಿಲ್ಲ. ಇದನ್ನು ನಾನು ಹಿಂದಿಯಲ್ಲಿ ಹೇಳಿದಾಗ ಸಾಬರು ಒಂಟೆಯ ಮೂತಿಯನ್ನು ಎದೆಗೆ ಒತ್ತಿಕೊಂಡರು.

ಒಂದು ಇಂಜೆಕ್ಷನ್ ಇದೆ, ಮೈಮೇಲಿನ ಹುಳುವಿಗೂ ಹೊಟ್ಟೆಯ ಹುಳುವಿಗೂ ಒಂದೇ ಮದ್ದು, ಆದರೆ ಮೈಸೂರಿನಿಂದಲೇ ತರಬೇಕು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಆಗ ಮಾವನವರು ಡಾಕ್ಟರಿಗೆ ಎಳನೀರು ಕೀಳಿಸಲು ಆ ಬದಿಯ ಮರಕ್ಕೆ ಹೋಗಿದ್ದರು. ಹೊರಡುವ ಮುಂಚೆ ಡಾಕ್ಟರು ನನಗೆ ಒತ್ತಿ ಹೇಳಿದರು. “ಚರ್ಮ ಎಲ್ಲ ಒಡೆದು ಹಸಿಯಾಗಿದೆ. ಔಷಧಿ ಬರೋತನಕ ಯಾರೂ ಏನೂ ಹಚ್ಚಬಾರದು. ನಿಮ್ಮ ಮಾವನವರಿಗೂ ಹೇಳಿಬಿಡಿ.”

ನಾನು ಹೇಳಿದೆ, ನಮ್ಮ ಮನೆಯ ದಾರಿಯಲ್ಲೇ. ಅತ್ತೆ ಆಗ ಮುದ್ದೆ ತಿರುವುತ್ತಿದ್ದರು. “ಡಾಕ್ಟ್ರು ಒಂಟೆಗೆ ಏನೂ ಹಚ್ಚಬಾರದು ಅಂದಿದ್ದಾರೆ, ಮಾವನವರಿಗೆ ಹೇಳಿಬಿಡಿ ಅತ್ತೆ” ಎಂದೆ. ಊಟಕ್ಕೆ ಬಡಿಸುವಾಗ ಅತ್ತೆ ಮಾವನವರಿಗೆ ಹೇಳಿದ್ದು, “ಮೈಸೂರಿಂದ ಔಷ್ದಿ ಬರ್ಬೇಕಂತೆ” ಎಂದಷ್ಟೇ. ಇದು ನಮಗೆ ಗೊತ್ತಾದದ್ದು ಎಲ್ಲ ಆದಮೇಲೆ.

ಮಾರನೆಯ ಬೆಳಿಗ್ಗೆ ಸಾಬರು ಮೈಸೂರಿಗೆ ಹೊರಟರು. ಬಸ್ಸು ಹತ್ತುವ ಮುಂಚೆ ಒಂಟೆಯ ಹಗ್ಗವನ್ನು ತಂದು ಮಾವನವರ ಕೈಗೆ ಕೊಟ್ಟು, ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, “ಆಪ್ ಕೇ ಭರೋಸೇ” ಎಂದರು. ಮಾವನವರು ಒಂಟೆಯ ಕಡೆ ತಿರುಗಿ, “ಏನಂತಾರೆ?” ಎಂದರು. ನಿಮ್ಮನ್ನೇ ನಂಬಿ ಬಿಟ್ಟು ಹೋಗುತ್ತಿದ್ದಾರೆ ಎಂದು ನಾನೂ ಒಂಟೆಗೇ ಹೇಳಿದೆ. ಮಾವನವರು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡರು. ಅವರ ಎದೆ ಎಷ್ಟು ಉಬ್ಬಿತ್ತು ಎಂದರೆ ಅಂಗಿಯ ಗುಂಡಿ ಕಿತ್ತುಹೋಗುವ ಹಾಗಿತ್ತು.

ಆ ಉಬ್ಬೇ ಕೆಲಸ ಕೆಡಿಸಿತು. ನಂಬಿ ಬಿಟ್ಟು ಹೋಗಿದ್ದಾರೆ, ಬರುವಷ್ಟರಲ್ಲಿ ವಾಸಿಮಾಡಿ ತೋರಿಸಿಬಿಡೋಣ ಎಂದುಕೊಂಡರು ಮಾವನವರು. ನಮ್ಮ ಸೀಮೆಯಲ್ಲಿ ಎಮ್ಮೆಗೆ ಹೇನಾದರೆ ಹೊಗೆಸೊಪ್ಪಿನ ಪುಡಿ ಕಡ್ಡಿಯನ್ನು ಕುದಿಸಿ, ಆ ನೀರನ್ನು ತೆಳ್ಳಗೆ ಮಾಡಿ ಮೈಗೆ ಸವರುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಎಮ್ಮೆಗಾದರೆ ಒಂದು ಹಿಡಿ. ಒಂಟೆ ಎಷ್ಟು ದೊಡ್ಡದು! ಮಾವನವರು ಬ್ಯಾರನ್ನಿನ ಮೂಲೆಯಲ್ಲಿದ್ದ ಪುಡಿಯನ್ನೆಲ್ಲ ಹಂಡೆಗೆ ಸುರಿದು, ಕಪ್ಪಗೆ ಗಟ್ಟಿ ಬರುವವರೆಗೆ ಕುದಿಸಿದರು. ತೆಂಗಿನ ನಾರಿನಲ್ಲಿ ಹಕ್ಕಳೆ ಏಳುವ ಹಾಗೆ ಉಜ್ಜಿಸಿದರು. ಪಕ್ಕದ ಹೊಲದವರೂ ಬಂದು ಕೈ ಹಾಕಿದರು. ಎಲ್ಲರಿಗೂ ಪ್ರೀತಿಯೇ. ಕತ್ತಿನಿಂದ ಬಾಲದವರೆಗೆ ಬಳಿದರು.

ನಾನು ಆಗ ಸಸಿ ಮಡಿಗೆ ನೀರು ಹಾಕುತ್ತಿದ್ದೆ. ವಾಪಸು ಬರುವಾಗ ಹೊಲದ ಕಡೆಯಿಂದ ಆ ವಾಸನೆ ಬಂತು. ನನಗೆ ಮೊದಲ ವರ್ಷವೆಲ್ಲ ವಾಂತಿ ಮಾಡಿಸಿದ ವಾಸನೆ, ನನಗೆ ತಿಳಿಯದೇ ಇರುತ್ತದೆಯೇ? ಕೊಡ ಅಲ್ಲೇ ಹಾಕಿ ಓಡಿದೆ. ಒಂಟೆ ಒಂದು ಮಗ್ಗುಲಿಗೆ ಬಿದ್ದಿತ್ತು. ಬಾಯಲ್ಲಿ ಜೊಲ್ಲು ಧಾರೆಧಾರೆಯಾಗಿ ಸುರಿಯುತ್ತಿತ್ತು. ತೊಡೆಯ ಮಾಂಸ ಪಟಪಟ ಅದುರುತ್ತಿತ್ತು. ಮಾವನವರು ಕೈಯಲ್ಲಿ ನಾರು ಹಿಡಿದು, ಬಣ್ಣ ಇಳಿದ ಮುಖ ಹೊತ್ತು ನಿಂತಿದ್ದರು. ಸುತ್ತ ನಿಂತವರೆಲ್ಲ, ಮದ್ದು ಹಿಡೀತಾ ಅದೆ, ಇನ್ನು ಸ್ವಲ್ಪ ಹೊತ್ತಿಗೆ ಸರಿಹೋಗ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಕಂಬವೂ ಬೇಡ, ಅತ್ತೆಯೂ ಬೇಡ, ನೇರ ಮಾವನವರ ಎದುರಿಗೆ ಹೋಗಿ ನಿಂತೆ. “ಮಾವ, ಅದೇನು ಮದ್ದಲ್ಲ, ವಿಷ! ಒಡೆದ ಚರ್ಮದಲ್ಲಿ ಇಳೀತಿದೆ. ಸಾಯ್ತಿದೆ ನಿಮ್ಮ ಕಣ್ಣೆದುರಿಗೆ, ಕಾಣ್ತಿಲ್ವಾ? ನೀರು ಹುಯ್ಸಿ ಮೊದಲು!”

ಸೊಸೆ ಮಾವನ ಮುಖಕ್ಕೆ ಕೂಗಿದ್ದನ್ನು ಆ ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಮಾವನವರು ನನ್ನ ಮುಖವನ್ನೇ ನೋಡಿದರು, ನೇರವಾಗಿ. ಆಮೇಲೆ ನಾರು ಬಿಸಾಕಿ, ತಾವೇ ಮೊದಲು ಬಿಂದಿಗೆ ಹಿಡಿದು ಓಡಿದರು.

ಆಮೇಲಿನದು ಬೆಂಕಿ ಬಿದ್ದ ಮನೆಯ ಓಟ. ನಮ್ಮ ಯಜಮಾನರು ಡಾಕ್ಟರನ್ನು ಕರೆತರಲು ಸೈಕಲ್ಲು ಹತ್ತಿದರು. ಬಾವಿಯಿಂದ ಹೊಲದವರೆಗೆ ಹೆಂಗಸರು ಸಾಲು ನಿಂತು ಕೊಡ ದಾಟಿಸಿದರು. ಯಾರೋ ಬಟ್ಟೆ ಸೋಪು ತಂದರು, ಯಾರೋ ಸೀಗೆಪುಡಿಯನ್ನೇ ತಂದರು. ಆ ಗಾಬರಿಯಲ್ಲೂ ಅದೊಂದು ನಗು ಬಂತು ನನಗೆ, ಒಂಟೆಗೆ ಎಣ್ಣೆನೀರಿನ ಶಾಸ್ತ್ರ ಮಾಡುವ ಹಾಗೆ. ಡಾಕ್ಟರು ಬಂದು ಒಂದರ ಮೇಲೊಂದು ಇಂಜೆಕ್ಷನ್ ಕೊಟ್ಟು, ತೊಳೆಯುವುದನ್ನು ಮಾತ್ರ ನಿಲ್ಲಿಸಬೇಡಿ ಎಂದರು. ಬದುಕುತ್ತದೆಯೇ ಎಂದು ಕೇಳಿದರೆ, ಸಂಜೆಯವರೆಗೆ ಉಸಿರಾಡಿದರೆ ಬದುಕಿತು ಎಂದು ತಿಳಿಯಿರಿ ಎಂದರು.

ಸಾಬರು ಬಂದದ್ದು ಮೂರು ಗಂಟೆಯ ಬಸ್ಸಿಗೆ. ಮದ್ದಿನ ಪೊಟ್ಟಣವನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬದುವಿನ ಮೇಲೆ ನಗುತ್ತಾ ಬರುತ್ತಿದ್ದವರು, ಜನ ಸೇರಿದ್ದನ್ನು ಕಂಡು ನಿಂತರು. ಆಮೇಲೆ ಓಡಿಬಂದರು. ನಾನು ನಡೆದದ್ದೆಲ್ಲ ಹೇಳಿದೆ, ಏನನ್ನೂ ಮುಚ್ಚಲಿಲ್ಲ. ಅವರು ಬೈಯಲಿಲ್ಲ, ಕೂಗಲೂ ಇಲ್ಲ. ಕೆಸರಿನಲ್ಲಿ ಕೂತು ಒಂಟೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತರು. ಗಂಡಸು ಹಾಗೆ ಅಳುವುದನ್ನು ನೋಡಲಾಗದೆ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

ಮಾವನವರು ಮಾತ್ರ ಹೋಗಲಿಲ್ಲ. ಸ್ವಲ್ಪ ಹೊತ್ತು ಬ್ಯಾರನ್ನಿನ ನೆರಳಲ್ಲಿ ನಿಂತಿದ್ದು, ನನ್ನ ಹತ್ತಿರ ಬಂದರು. ಈ ಸಲ ಅವರು ಕಂಬವನ್ನು ಹುಡುಕಲಿಲ್ಲ.

“ಅವ್ವಾ,” ಎಂದರು. ನನ್ನನ್ನು ಕರೆದದ್ದು ಎಂದು ತಿಳಿಯಲು ನನಗೇ ಗಳಿಗೆ ಹಿಡಿಯಿತು. “ತಪ್ಪಾಯ್ತು ಅನ್ನಕೆ ಅವ್ರ್ ಮಾತ್ನಾಗೆ ಏನಂತಾರವ್ವ?”

“ಮಾಫ್ ಕರೋ ಅಂತಾರೆ ಮಾವ.”

“ಮಾಪು ಕರೋ,” ಎಂದರು ಮಾವನವರು. “ಮಾಪು ಕರೋ. ಮಾಪು ಕರೋ.” ಬ್ಯಾರನ್ನಿನ ಗೋಡೆಯ ಕಡೆ ತಿರುಗಿ ಶಾಲೆಯ ಹುಡುಗನ ಹಾಗೆ ಬಾಯಿಪಾಠ ಮಾಡಿಕೊಂಡರು. ನಾನೇ ಹೇಳಿಬಿಡಲೇ ಎಂದು ಕೇಳಿದೆ. ಬೇಡ ಎಂದು ತಲೆ ಆಡಿಸಿ, ತಲೆಯ ಮೇಲಿನ ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೋಗಿ, ಸಾಬರ ಎದುರಿಗೆ ಕುಕ್ಕರಗಾಲಲ್ಲಿ ಕೂತು, “ಮಾಪು ಕರೋ” ಎಂದರು.

ಸಾಬರು ತಲೆ ಎತ್ತಲಿಲ್ಲ. ಒಂಟೆಯ ಕಿವಿ ಸವರುತ್ತಾ ಏನೋ ಹೇಳಿದರು. ಮಾವನವರು ನನ್ನ ಕಡೆ ನೋಡಿದರು. “ನನ್ನ ಕೇಳಬೇಡಿ, ಇವಳನ್ನ ಕೇಳಿ, ಇವಳು ಎದ್ದರೆ ನನ್ನ ಮನಸ್ಸಲ್ಲೂ ಏನೂ ಇಲ್ಲ ಅಂತಿದ್ದಾರೆ ಮಾವ,” ಎಂದೆ.

ಮಾವನವರು ಸರಿ ಎಂದು ಒಂಟೆಯ ಮುಖದ ಹತ್ತಿರ ಸರಿದು ಕೂತರು. ಅವತ್ತು ಮಧ್ಯಾಹ್ನದ ಊಟವಿಲ್ಲ, ಬೀಡಿಯಿಲ್ಲ. ಸಾಬರು ಒಂದು ಕಡೆ, ಮಾವನವರು ಒಂದು ಕಡೆ. ಒದ್ದೆ ಬಟ್ಟೆಯಲ್ಲಿ ಅದರ ಕಣ್ಣಿನ ಪಿಸುರು ಒರೆಸುವುದು, ನೊಣ ಓಡಿಸುವುದು, ಆಗಾಗ ಮೆಲ್ಲಗೆ “ಮಾಪು ಕರೋ” ಎನ್ನುವುದು. ನಾನು ಕಾಫಿ ಕೊಡಲು ಹೋದಾಗ ಎರಡು ಮೂರು ಸಲ ಕಿವಿಗೆ ಬಿತ್ತು. ನನ್ನ ಕೋಪವೆಲ್ಲ ಅಲ್ಲೇ ಇಳಿದುಹೋಯಿತು.

ಹೊತ್ತು ಇಳಿಯುವಾಗ ಒಂಟೆಯ ಅದುರು ನಿಂತಿತು. ಇನ್ನೂ ಬೆಳಕಿರುವಾಗಲೇ ಕತ್ತು ಎತ್ತಿ ಸುತ್ತ ನೋಡಿ, ಹಿಂದಿನ ಕಾಲು ಊರಿ, ಗುಡಿಸಲು ಎದ್ದ ಹಾಗೆ ಓಲಾಡುತ್ತಾ ಎದ್ದು ನಿಂತಿತು. ನಿಂತದ್ದೇ ಮಾವನವರ ಕೈಲಿದ್ದ ತಲೆವಸ್ತ್ರದ ಚುಂಗನ್ನು ಕಚ್ಚಿ ಎಳೆಯಿತು. ಸಾಬರು ಅಳುತ್ತಲೇ ನಕ್ಕರು. ಮಾವನವರೂ ನಕ್ಕರು, ಆದರೆ ಮುಖವನ್ನು ಆ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಮೂಗು ಒರೆಸಿಕೊಂಡರು.

ಮೈಸೂರಿನ ಮದ್ದನ್ನು ಡಾಕ್ಟರು ಒಂದು ವಾರ ಬಿಟ್ಟು ಕೊಟ್ಟರು, ಸ್ವಲ್ಪ ದಿನ ಬಿಟ್ಟು ಮತ್ತೊಂದು. ತುರಿಕೆ ನಿಂತಿತು, ಹಿಕ್ಕೆಯಲ್ಲಿ ಹುಳು ಬಿದ್ದು ಹೋದವು, ಬೋಳು ಚರ್ಮದ ಮೇಲೆ ಬೂದು ಬಣ್ಣದ ಮೆತ್ತನೆ ಕೂದಲು ಮೊಳೆಯಿತು. ಲಾರಿ ಹೊರಡುವ ಹೊತ್ತಿಗೆ ಅವಳು ಸಾಬರ ಜೊತೆ ಹುಣಸೂರಿನ ದಾರಿ ಹಿಡಿದು ಮೈಸೂರಿನ ಕಡೆ ನಡೆದಳು. ಮಾವನವರು ಊರ ಗಡಿಯವರೆಗೆ ಹಗ್ಗ ಹಿಡಿದು ಹೋಗಿ ಬಂದರು.

ಒಂಟೆಯ ತುರಿಕೆ ನಿಂತಿತು, ನಮ್ಮದು ಶುರುವಾಗಿತ್ತು. ಕಂಬಳಿಯ ಮಹಿಮೆ. ಮೊದಲು ಮಾವನವರು, ಆಮೇಲೆ ಅತ್ತೆ, ಆಮೇಲೆ ಇವರು, ಕೊನೆಗೆ ನಾನು. ಡಾಕ್ಟರು ಹೊಟ್ಟೆ ಹಿಡಿದು ನಕ್ಕು, ಒಂಟೆಯ ಹುಳು ಮನುಷ್ಯನ ಮೈಯಲ್ಲಿ ಬಹಳ ಕಾಲ ನಿಲ್ಲುವುದಿಲ್ಲ, ಆದರೆ ಇರುವಷ್ಟು ದಿನ ಕುಣಿಸುತ್ತದೆ ಎಂದರು. ಸರ್ಕಾರಿ ಆಸ್ಪತ್ರೆಯಿಂದ ಗಂಧಕದ ಮುಲಾಮು ತಂದು ಎಲ್ಲರೂ ಬಳಿದುಕೊಂಡು ಹಳದಿ ಹಳದಿಯಾಗಿ ಅಂಗಳದಲ್ಲಿ ಬಿಸಿಲು ಕಾಯಿಸಿದೆವು.

ಎಲ್ಲರಿಗಿಂತ ಜೋರಾಗಿ ಹಿಡಿದದ್ದು ಅತ್ತೆಗೆ. ಬೆರಳ ಸಂದಿಯೆಲ್ಲ ಗುಳ್ಳೆ. ಸರಗೂರಿನಲ್ಲಿ ಅವರ ಅಣ್ಣನ ಮಗಳ ಮದುವೆ. ಅತ್ತೆ ತವರಿಗೆ ಹೋಗಿಯೇ ಎಷ್ಟೋ ಕಾಲವಾಗಿತ್ತು, ಸೀರೆ ತೆಗೆದು ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದರು. ಮದುವೆ ಹೆಣ್ಣಿಗೆ ಅರಿಶಿನ ಹಚ್ಚುವ ಕೈಯಲ್ಲಿ ಕಜ್ಜಿ ಇಟ್ಟುಕೊಂಡು ಹೇಗೆ ಹೋಗುತ್ತಾರೆ? ಹೋಗಲಿಲ್ಲ. ಮದುವೆಯ ದಿನವಿಡೀ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದರು. ಊಟಕ್ಕೆ ಕರೆಯಬೇಕಾದಾಗ ಪಡಸಾಲೆಗೆ ಬಂದು, ಕಂಬದ ಕಡೆ ನೋಡಿ, “ಮುದ್ದೆ ಆರೋಯ್ತದೆ, ಬೇಕಾದೋರು ಬಂದು ಉಣ್ಬೋದು” ಎಂದರು. ಮಾವನವರು ಕಂಬವನ್ನೂ ಅತ್ತೆಯನ್ನೂ ಬೆಪ್ಪಾಗಿ ನೋಡಿದರು. ನಾನು ಅಡುಗೆಮನೆಯಲ್ಲಿ ಸೆರಗು ಕಚ್ಚಿಕೊಂಡು ನಕ್ಕೆ, ಆದರೆ ಅತ್ತೆಯ ಕಣ್ಣು ನೋಡಿ ನಗು ಅಲ್ಲೇ ನಿಂತಿತು.

ಮಾರನೆಯ ದಿನ ಕಡ್ಲೆಪುರಿ ಬಂತು. ಅತ್ತೆ ಮುಟ್ಟಲಿಲ್ಲ. ಅದರ ಮಾರನೆಯ ದಿನ ಇನ್ನೂ ದೊಡ್ಡ ಪೊಟ್ಟಣ ಬಂತು. ಅತ್ತೆ ಅದನ್ನು ಬಿಚ್ಚಿ ಕೋಳಿಗಳಿಗೆ ಎರಚಿದರು.

ಅಂದು ಸಂಜೆ ಅತ್ತೆ ಅಂಗಳದಲ್ಲಿ ಬೀಜಕ್ಕೆಂದು ಒಣಗಿಸಿಟ್ಟ ಅವರೆಕಾಯಿ ಸುಲಿಯುತ್ತಿದ್ದರು, ಬೆರಳು ನೋಯುತ್ತದೆ ಎಂದು ಒಂದೊಂದೇ ಮೆಲ್ಲಗೆ. ನಾನೂ ಪಕ್ಕದಲ್ಲಿ ಕೂತಿದ್ದೆ. ಮಾವನವರು ಹೊಲದಿಂದ ಬಂದರು. ಒಳಗೆ ಹೋಗಲಿಲ್ಲ. ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅತ್ತೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತರು. ನಾಲ್ಕು ಕಾಯಿ ತಾವೂ ಸುಲಿದರು. ಆಮೇಲೆ, ಕಾಯಿಯನ್ನೇ ನೋಡುತ್ತಾ, “ಮಾಪು ಕರೋ” ಎಂದರು.

ಅತ್ತೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು. “ಏನವ್ವ ಅದು? ಏನಂದ್ರು?”

ನಾನು ಹೇಳಿದೆ. “ತಪ್ಪಾಯ್ತು ಅಂದ್ರು ಅತ್ತೆ.”

ಅತ್ತೆ ತಲೆ ತಗ್ಗಿಸಿದರು. ಮೊರದಲ್ಲಿದ್ದ ಕಾಳನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸಿದರು. ಎಮ್ಮೆ ನೆನಪಾಯಿತೋ, ತವರು ನೆನಪಾಯಿತೋ, ಇನ್ನೇನೇನು ನೆನಪಾಯಿತೋ ನನಗೆ ಗೊತ್ತಿಲ್ಲ. ಕಣ್ಣಿಂದ ನೀರು ಮೊರಕ್ಕೆ ಬಿತ್ತು, ಒರೆಸಿಕೊಳ್ಳಲಿಲ್ಲ.

“ಇನ್ನೊಂದ್ ಸಲ ಅನ್ನಕೆ ಯೋಳವ್ವ,” ಎಂದರು.